ಹರಳೆಣ್ಣೆ ನೀರಿನ ಮೇಲೇಕೆ ನಿಂತಿತು?

(ಕೋಲಾರದಲ್ಲಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ವಿಜ್ಞಾನ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಗಾಜಿನ ಲೋಟದಲ್ಲಿ ದ್ರವಗಳನ್ನು ಪದರ ಪದರವಾಗಿ ನಿಲ್ಲಿಸುವ ಪ್ರಯೋಗವನ್ನು ನಿಮ್ಮಲ್ಲಿ ಹೆಚ್ಚಿನವರು ತರಗತಿಯಲ್ಲಿ ಮಾಡಿ ತೋರಿಸಿರುತ್ತೀರಿ. ತಳದಲ್ಲಿ ಜೇನುತುಪ್ಪ, ಅದರ ಮೇಲೆ ಬಣ್ಣ ಬೆರೆಸಿದ ನೀರು, ಎಲ್ಲಕ್ಕಿಂತ ಮೇಲೆ ಅಡುಗೆ ಎಣ್ಣೆ. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದೆ. ಮಕ್ಕಳು ಬೆಂಚು ಹತ್ತಿ ಇಣುಕಿ ನೋಡಿದರು, ಚಪ್ಪಾಳೆ ತಟ್ಟಿದರು, ಪರೀಕ್ಷೆಯಲ್ಲಿ ‘ಸಾಂದ್ರತೆ ಹೆಚ್ಚಿರುವ ದ್ರವ ಕೆಳಗೆ, ಕಡಿಮೆಯಿರುವ ದ್ರವ ಮೇಲೆ’ ಎಂದು ತಪ್ಪಿಲ್ಲದೆ ಬರೆದರು. ನಾನು ಪೂರ್ತಿ ಅಂಕ ಕೊಟ್ಟೆ, ಅವರಿಗೆ ವಿಷಯ ತಿಳಿದಿದೆ ಎಂದೇ ನಂಬಿದ್ದೆ.

ಆ ನಂಬಿಕೆಯನ್ನು ಕದಲಿಸಿದವಳು ಮುಳಬಾಗಿಲು ತಾಲ್ಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿದ್ದ ಒಬ್ಬ ಹುಡುಗಿ. ಪ್ರಯೋಗ ಮುಗಿದು ನಾನು ಲೋಟವನ್ನು ತೊಳೆಯಲು ಕೊಡುತ್ತಿದ್ದಾಗ ಅವಳು ಎದ್ದು ನಿಂತು, “ಸಾರ್, ಹರಳೆಣ್ಣೆ ಹಾಕಿದ್ರೆ ಅದು ನೀರಿನ ಕೆಳಗೆ ಹೋಗ್ತದೆ ಅಲ್ವಾ? ಅದೂ ಜೇನುತುಪ್ಪದ ಹಾಗೇ ಗಟ್ಟಿ ಇರ್ತದೆ” ಎಂದಳು. ಇಡೀ ತರಗತಿ ಹೌದೆಂದು ತಲೆಯಾಡಿಸಿತು. ಮರುದಿನ ಅವಳೇ ಮನೆಯಿಂದ ಒಂದು ಸಣ್ಣ ಸೀಸೆಯಲ್ಲಿ ಹರಳೆಣ್ಣೆ ತಂದಳು. ಎಲ್ಲರೂ ನೋಡುತ್ತಿದ್ದಂತೆ ನೀರಿನ ಲೋಟಕ್ಕೆ ಸುರಿದೆವು. ದಾರದಂತೆ ಎಳೆಯಾಗಿ ಇಳಿದ ಎಣ್ಣೆ ಅರ್ಧ ಅಂಗುಲ ಒಳಗೆ ಹೋದಂತೆ ಕಂಡು, ಅಲ್ಲಿಂದ ಉಂಡೆಯಾಗಿ ತಿರುಗಿ ಮೇಲೆದ್ದು ನೀರಿನ ಮೇಲೆ ಹರಡಿಕೊಂಡಿತು. ತರಗತಿಯಲ್ಲಿ ಸದ್ದಿಲ್ಲ. ಆಮೇಲೆ ಆ ಹುಡುಗಿ ಕೇಳಿದ ಪ್ರಶ್ನೆಯನ್ನು ನಾನು ಇಂದಿಗೂ ಮರೆತಿಲ್ಲ: “ಹಾಗಾದ್ರೆ ನಿನ್ನೆ ಜೇನುತುಪ್ಪ ಯಾಕೆ ಕೆಳಗೆ ಹೋಯ್ತು ಸಾರ್?”

ನನ್ನ ಮಕ್ಕಳ ಮನಸ್ಸಿನಲ್ಲಿ ‘ಸಾಂದ್ರತೆ’ ಎಂದರೆ ಮಂದವಾಗಿರುವುದು, ಬೇಗ ಹರಿಯದೆ ಅಂಟಿಕೊಳ್ಳುವುದು ಎಂಬ ಅರ್ಥವೇ ಕೂತಿತ್ತು. ಜೇನುತುಪ್ಪ ಮಂದ, ಆದ್ದರಿಂದ ಕೆಳಗೆ. ಎಣ್ಣೆಯ ವಿಚಾರಕ್ಕೆ ಬಂದರೆ ‘ಎಣ್ಣೆ ಯಾವಾಗಲೂ ತೇಲುತ್ತದೆ’ ಎಂಬ ಮನೆಯ ಅನುಭವ ಸಾಕಾಗಿತ್ತು. ನಾನು ಆರಿಸಿಕೊಂಡಿದ್ದ ದ್ರವಗಳು ಅವರ ತಪ್ಪು ತಿಳಿವಳಿಕೆಯನ್ನು ಅಲುಗಿಸುವ ಬದಲು ಇನ್ನಷ್ಟು ಭದ್ರ ಮಾಡಿದ್ದವು. ಇಂದು ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ: ಪದರಗಳನ್ನು ತೋರಿಸಿ ಬಿಟ್ಟರೆ ಮಗು ಸಾಂದ್ರತೆಯನ್ನು ಕಲಿಯುವುದಿಲ್ಲ. ಒಂದೇ ಅಳತೆಯ ದ್ರವಗಳನ್ನು ಅದು ತನ್ನ ಕೈಯಿಂದಲೇ ತೂಗಬೇಕು, ತೂಗುವ ಮೊದಲು ತನ್ನ ಊಹೆಯನ್ನು ಬಾಯಿಬಿಟ್ಟು ಹೇಳಿರಬೇಕು.

ಮೊದಲು ಮಾತಿನ ವಿಚಾರವನ್ನು ಸ್ವಲ್ಪ ನೋಡೋಣ, ಏಕೆಂದರೆ ತೊಡಕು ಅಲ್ಲಿಯೇ ಇದೆ. ಕನ್ನಡದಲ್ಲಿ ‘ಗಟ್ಟಿ’ ಎಂಬ ಒಂದೇ ಪದ ಎಷ್ಟೊಂದು ಕಡೆ ದುಡಿಯುತ್ತದೆ ಗಮನಿಸಿ. ಗಟ್ಟಿ ಹಾಲು, ಗಟ್ಟಿ ಮೊಸರು, ಗಟ್ಟಿ ಕಲ್ಲು, ಚಿನ್ನದ ಗಟ್ಟಿ, ಗಟ್ಟಿ ಆಳು. ಹರಿಯದಿರುವುದು, ಮುರಿಯದಿರುವುದು, ನೀರು ಬೆರೆಯದಿರುವುದು, ಎಲ್ಲವೂ ಗಟ್ಟಿಯೇ. ಇನ್ನು ‘ಸಾಂದ್ರ’ ಎಂಬ ಸಂಸ್ಕೃತ ಪದಕ್ಕೂ ದಟ್ಟ, ಮಂದ ಎಂಬ ಅರ್ಥಗಳೇ ಇರುವುದರಿಂದ ಮಗು ತಪ್ಪು ತಿಳಿದರೆ ಅದನ್ನು ದೂಷಿಸುವಂತಿಲ್ಲ. ದ್ರವವು ಹರಿಯಲು ತೋರುವ ಅಡ್ಡಿಗೆ ಪಠ್ಯದಲ್ಲಿ ‘ಸ್ನಿಗ್ಧತೆ’ ಎಂಬ ಬೇರೆ ಹೆಸರಿದೆ, ಆದರೆ ಆ ಹೆಸರು ಮಗುವಿನ ಕಿವಿಗೆ ಬೀಳುವುದು ಬಹಳ ತಡವಾಗಿ.

ನಮ್ಮ ಜಿಲ್ಲೆಯ ಗಡಿಭಾಗದ ಹೋಬಳಿಗಳಲ್ಲಿ ಅನೇಕ ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ. ಶಾಲೆಯಲ್ಲಿ ಅದನ್ನು ಒಂದು ಕೊರತೆಯಂತೆ ಕಾಣುವವರಿದ್ದಾರೆ. ಈ ಪಾಠದಲ್ಲಿ ನನಗೆ ಅದೇ ನೆರವಾಯಿತು. ತೆಲುಗಿನಲ್ಲಿ ಮಂದವಾಗಿರುವುದಕ್ಕೆ ‘ಚಿಕ್ಕಗಾ’ ಎನ್ನುತ್ತಾರೆ, ಭಾರಕ್ಕೆ ‘ಬರುವು’ ಎನ್ನುತ್ತಾರೆ. ಎರಡೂ ಬೇರೆ ಬೇರೆ ಮಾತುಗಳು, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹರಳೆಣ್ಣೆ ತೂಗಿದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ತನ್ನಷ್ಟಕ್ಕೆ ತಾನೇ, “ಆಮುದಂ ಚಿಕ್ಕಗಾ ಉಂದಿ, ಕಾನಿ ಬರುವು ಲೇದು” ಎಂದ. ಹರಳೆಣ್ಣೆ ಮಂದವಾಗಿದೆ, ಆದರೆ ಭಾರವಿಲ್ಲ. ಎರಡು ತರಗತಿಗಳಲ್ಲಿ ನಾನು ಹೇಳಲಾಗದ್ದನ್ನು ಅವನು ಒಂದು ವಾಕ್ಯದಲ್ಲಿ ಹೇಳಿಬಿಟ್ಟಿದ್ದ. ಅದನ್ನು ಕಪ್ಪುಹಲಗೆಯ ಮೇಲೆ ಕನ್ನಡ ಲಿಪಿಯಲ್ಲಿ ಹಾಗೆಯೇ ಬರೆಸಿದೆ. ಮಗುವಿನ ಮನೆಮಾತಿನಲ್ಲಿ ಇಂಥ ಭೇದ ಸಿದ್ಧವಾಗಿದ್ದರೆ ಅದನ್ನು ಬಳಸಿಕೊಳ್ಳಿ ಎಂದು ನಿಮ್ಮನ್ನು ಒತ್ತಾಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.

ಇನ್ನು ತೂಗುವ ವಿಚಾರ. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಒಂದೇ ಅಚ್ಚಿನ ಪುಟ್ಟ ಸ್ಟೀಲ್ ಕಾಫಿ ಲೋಟಗಳು ಆರು ಸಾಕು, ಅಂಗಡಿಯಲ್ಲಿ ಸುಮಾರು 100 ಮಿಲಿಲೀಟರ್ ಹಿಡಿಯುವಂಥವು ಸಿಗುತ್ತವೆ. ತೂಗಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಒಳ್ಳೆಯದು. ಇಲ್ಲವಾದರೆ ಮರದ ಅಡ್ಡಪಟ್ಟಿಯ ನಡುವೆ ದಾರ ಕಟ್ಟಿ ತೂಗುಹಾಕಿ, ಎರಡು ತುದಿಗಳಿಗೂ ಲೋಟಗಳನ್ನು ಕಟ್ಟಿದರೂ ಆದೀತು. ಆಗ ಅಂಕಿ ಸಿಗುವುದಿಲ್ಲ, ಯಾವುದು ಬಾಗುತ್ತದೆ ಎಂಬುದಷ್ಟೇ ತಿಳಿಯುತ್ತದೆ, ಐದನೇ ತರಗತಿಯ ಮಕ್ಕಳಿಗೆ ಅಷ್ಟೇ ಸಾಕು. ಲೋಟವನ್ನು ಕಂಠಮಟ್ಟ ತುಂಬಿಸುವುದು ಮುಖ್ಯ, ಏಕೆಂದರೆ ಗಾತ್ರ ಒಂದೇ ಇರಬೇಕೆಂಬ ನಿಯಮವನ್ನು ಮಗು ಕಣ್ಣಾರೆ ಪಾಲಿಸುವುದು ಅಲ್ಲಿ. ಜೇನುತುಪ್ಪ ದುಬಾರಿ, ಅದರ ಬದಲು ಬೆಲ್ಲದ ಪಾಕ ಮಾಡಿಕೊಳ್ಳಿ. ಸೀಮೆಎಣ್ಣೆಯನ್ನು ಮಾತ್ರ ತರಗತಿಗೆ ತರಬೇಡಿ, ಅದರ ಹೊಗೆ, ಬೆಂಕಿಗಳ ಅಪಾಯಕ್ಕೆ ಹೋಲಿಸಿದರೆ ಸಿಗುವ ಪಾಠ ದೊಡ್ಡದಲ್ಲ.

ಲೋಟದ ತೂಕ ಕಳೆದು ನೋಡಿದಾಗ ನೀರು 100 ಗ್ರಾಂ ಬಂದರೆ, ಕಡಲೆಕಾಯಿ ಎಣ್ಣೆ 91 ಅಥವಾ 92 ಗ್ರಾಂ ಬರುತ್ತದೆ, ಹರಳೆಣ್ಣೆ ಸುಮಾರು 96 ಗ್ರಾಂ ಬರುತ್ತದೆ. ಇನ್ನು ಕರಗುವಷ್ಟು ಉಪ್ಪು ಕರಗಿಸಿದ ನೀರು 120 ಗ್ರಾಂ ತೂಗುತ್ತದೆ, ಬೆಲ್ಲದ ಪಾಕ ಎಷ್ಟು ಕಾಯಿಸಿದ್ದೀರಿ ಎಂಬುದನ್ನು ಅವಲಂಬಿಸಿ 130ರ ಆಸುಪಾಸಿನಲ್ಲಿರುತ್ತದೆ, ಜೇನುತುಪ್ಪ 140 ದಾಟುತ್ತದೆ. ಈ ಸಾಲಿನಲ್ಲಿ ನನ್ನ ಪಾಲಿಗೆ ಬೆಲೆಬಾಳುವ ದ್ರವಗಳು ಎರಡು. ಹರಳೆಣ್ಣೆ ನೀರಿಗಿಂತ ಎಷ್ಟೋ ಪಟ್ಟು ಮಂದ, ಆದರೂ ಹಗುರ. ಉಪ್ಪುನೀರು ನೀರಿನಷ್ಟೇ ಸಲೀಸಾಗಿ ಹರಿಯುತ್ತದೆ, ನೋಡಲೂ ನೀರಿನಂತೆಯೇ ಇದೆ, ಆದರೂ ಭಾರ. ಈ ಎರಡನ್ನು ಅಕ್ಕಪಕ್ಕ ಇಟ್ಟು ತೂಗಿದ ಮಗು ಮುಂದೆಂದೂ ಮಂದವನ್ನೂ ಭಾರವನ್ನೂ ಬೆರೆಸುವುದಿಲ್ಲ. ನಮ್ಮ ಪಠ್ಯಗಳಲ್ಲಿ ಜೇನುತುಪ್ಪಕ್ಕೆ ಕೊಟ್ಟಿರುವ ಜಾಗವನ್ನು ಹರಳೆಣ್ಣೆಗೆ ಕೊಡಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಆರು ಗುಂಪುಗಳು ತೂಗಿದರೆ ಆರು ಬೇರೆ ಅಂಕಿಗಳು ಬರುತ್ತವೆ ಎಂದು ಕೆಲವು ಶಿಕ್ಷಕರು ಹಿಂಜರಿಯುತ್ತಾರೆ. ಬರಲಿ. ಒಂದು ಗುಂಪಿನವರು ಲೋಟವನ್ನು ಉಕ್ಕುವಷ್ಟು ತುಂಬಿರುತ್ತಾರೆ, ಇನ್ನೊಂದು ಗುಂಪಿನವರ ಲೋಟದ ಹೊರಗೆ ಎಣ್ಣೆ ಮೆತ್ತಿಕೊಂಡಿರುತ್ತದೆ. ಎಲ್ಲ ಅಂಕಿಗಳನ್ನೂ ಹಲಗೆಯ ಮೇಲೆ ಬರೆದು, ಯಾವುದು ಏಕೆ ಹೆಚ್ಚಾಯಿತು ಎಂದು ಮಕ್ಕಳಿಂದಲೇ ಹೇಳಿಸಿ. ಪುಸ್ತಕದ ಅಂಕಿಗೆ ಹೊಂದುವಂತೆ ತಿದ್ದಿಸಿದರೆ ಮಗು ಅಳತೆಯ ಮೇಲಿನ ಗೌರವವನ್ನು ಆ ದಿನವೇ ಕಳೆದುಕೊಳ್ಳುತ್ತದೆ.

ತೂಗಿದ ಮೇಲೆಯೂ ಒಂದು ತೊಡಕು ಉಳಿಯುತ್ತದೆ. ‘ಭಾರವಾದದ್ದು ಮುಳುಗುತ್ತದೆ’ ಎಂದು ಮಕ್ಕಳು ಹೇಳತೊಡಗುತ್ತಾರೆ. ಆಗ ನಾನು ಒಂದು ದೊಡ್ಡ ಬಟ್ಟಲಿನ ತುಂಬ ಹರಳೆಣ್ಣೆ ಇಟ್ಟು, ಒಂದೇ ಒಂದು ಹನಿ ನೀರನ್ನು ಅದರ ಮೇಲೆ ಬಿಡುತ್ತಿದ್ದೆ. ಬಟ್ಟಲಿನ ಎಣ್ಣೆ ಅರ್ಧ ಕಿಲೋ, ಹನಿಯ ತೂಕ ತಕ್ಕಡಿಗೇ ಸಿಗದು. ಆದರೂ ಆ ಹನಿ ಬಹಳ ನಿಧಾನವಾಗಿ, ದಾರಿ ಮಾಡಿಕೊಂಡು ತಳಕ್ಕೆ ಇಳಿಯುತ್ತದೆ. ಹಾಗಿದ್ದರೆ ಯಾವುದರ ಭಾರವನ್ನು ಯಾವುದರೊಂದಿಗೆ ಹೋಲಿಸಬೇಕು? ಹನಿಯಷ್ಟೇ ಗಾತ್ರದ ಎಣ್ಣೆಯೊಂದಿಗೆ. ಈ ಉತ್ತರ ಮಕ್ಕಳಿಂದಲೇ ಬರುವವರೆಗೆ ಕಾಯಬೇಕು. ನನ್ನ ಅನುಭವದಲ್ಲಿ ಹತ್ತು ನಿಮಿಷ ಕಾದರೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ.

ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸುವ ಸೂತ್ರಕ್ಕೆ ಇದಾದ ಮೇಲೆ ಬನ್ನಿ. ಸಮಾಜ ವಿಜ್ಞಾನದಲ್ಲಿ ಮಕ್ಕಳು ‘ಜನಸಾಂದ್ರತೆ’ ಓದಿರುತ್ತಾರೆ. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನಸಂಖ್ಯೆ 15 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು, ವಿಸ್ತೀರ್ಣ ಹತ್ತಿರ ಹತ್ತಿರ 4,000 ಚದರ ಕಿಲೋಮೀಟರ್. ಭಾಗಿಸಿದರೆ ಚದರ ಕಿಲೋಮೀಟರಿಗೆ ಎಷ್ಟು ಜನ ಎಂದು ಅವರೇ ಲೆಕ್ಕ ಹಾಕುತ್ತಾರೆ. ಒಂದು ಚದರ ಕಿಲೋಮೀಟರಿನಲ್ಲಿ ಎಷ್ಟು ಜನ ಎಂಬ ಪ್ರಶ್ನೆಗೂ ಒಂದು ಘನ ಸೆಂಟಿಮೀಟರಿನಲ್ಲಿ ಎಷ್ಟು ಗ್ರಾಂ ಎಂಬ ಪ್ರಶ್ನೆಗೂ ಭಾಗಾಕಾರ ಒಂದೇ. ಎರಡು ಪುಸ್ತಕಗಳಲ್ಲಿ ಇರುವ ಒಂದೇ ಪದವನ್ನು ನಾವು ಶಿಕ್ಷಕರು ಸೇರಿಸಿ ತೋರಿಸದಿದ್ದರೆ ಮಗುವಿಗೆ ಅದು ಎರಡು ಪದಗಳಾಗಿಯೇ ಉಳಿಯುತ್ತದೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗಲು ಅನುಮತಿ ಕೊಡಿ. ಕೋಲಾರದಲ್ಲಿ ನಿಂತು ಸಾಂದ್ರತೆಯ ಮಾತಾಡುವಾಗ ಚಿನ್ನವನ್ನು ಬಿಡುವುದು ಸಾಧ್ಯವಿಲ್ಲ. ಚಿನ್ನದ ಸಾಂದ್ರತೆ 19.3. ನಮ್ಮ ಕಾಫಿ ಲೋಟವನ್ನು ಚಿನ್ನದಿಂದ ತುಂಬಿದರೆ 1,930 ಗ್ರಾಂ, ಅಂದರೆ ಎರಡು ಕಿಲೋಗೆ ಸ್ವಲ್ಪ ಕಡಿಮೆ ತೂಗುತ್ತದೆ. ಚಿನ್ನವನ್ನು ಹೊತ್ತಿರುವ ಬೆಣಚುಕಲ್ಲಿನ ಸಾಂದ್ರತೆ ಕೇವಲ 2.65. 1802ರಲ್ಲಿ ಈ ಸೀಮೆಗೆ ಸರ್ವೇ ಕೆಲಸಕ್ಕಾಗಿ ಬಂದಿದ್ದ ಸೈನ್ಯಾಧಿಕಾರಿ ಜಾನ್ ವಾರನ್, ಉರಿಗಾಂ, ಮಾರಿಕುಪ್ಪಂ ಕಡೆಯ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣಗಳನ್ನು ತೆಗೆಯುತ್ತಿದ್ದುದನ್ನು ಕಂಡು ದಾಖಲಿಸಿದ. ಅಗಲವಾದ ಪಾತ್ರೆಯಲ್ಲಿ ಮಣ್ಣಿಗೆ ನೀರು ಹಾಕಿ ತಿರುಗಿಸಿದಾಗ ಹಗುರವಾದ ಮಣ್ಣು, ಕಲ್ಲಿನ ಪುಡಿಗಳು ನೀರಿನೊಂದಿಗೆ ಹೊರಟುಹೋಗಿ ಭಾರವಾದ ಕಣ ತಳದಲ್ಲಿ ಉಳಿಯುವುದು ಆ ಕೆಲಸದ ತಿರುಳು. ಕೆ.ಜಿ.ಎಫ್.ನ ಗಣಿಗಳು 2001ರಲ್ಲಿ ಮುಚ್ಚಿದವು, ಅಲ್ಲಿ ದುಡಿದವರ ಮೊಮ್ಮಕ್ಕಳು ಇಂದು ನಮ್ಮ ತರಗತಿಗಳಲ್ಲಿದ್ದಾರೆ. ಸಾಂದ್ರತೆಯ ಪಟ್ಟಿಯಲ್ಲಿ 19.3 ಎಂಬ ಅಂಕಿಯನ್ನು ಅವರು ಬರೆದುಕೊಳ್ಳುವಾಗ ಅದು ತಮ್ಮ ತಾತನ ಕೆಲಸಕ್ಕೆ ಸೇರಿದ ಅಂಕಿ ಎಂದು ಅವರಿಗೆ ತಿಳಿಯಬೇಕೆಂಬುದು ನನ್ನ ಆಸೆ.

ಮತ್ತೆ ತರಗತಿಗೆ ಬರುತ್ತೇನೆ. ಮಕ್ಕಳ ಕೈಗೆ ಪೂರ್ತಿಯಾಗಿ ಬಿಟ್ಟುಕೊಡಬಹುದಾದ ಒಂದು ಒಗಟಿನ ರೂಪದ ಪ್ರಯೋಗವಿದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಾಲ್ಕು ಲೋಟಗಳಲ್ಲಿ ಒಂದೇ ಪ್ರಮಾಣದ ನೀರು ತೆಗೆದುಕೊಂಡು, ಒಂದಕ್ಕೆ ಏನನ್ನೂ ಹಾಕದೆ, ಉಳಿದ ಮೂರಕ್ಕೆ ಒಂದು, ಎರಡು, ಮೂರು ಚಮಚ ಉಪ್ಪು ಹಾಕಿ ಪೂರ್ತಿ ಕರಗಿಸಿ. ಪ್ರತಿಯೊಂದಕ್ಕೂ ಜಿಲೇಬಿಗೆ ಹಾಕುವ ಬಣ್ಣದ ಪುಡಿಗಳಲ್ಲಿ ಒಂದೊಂದನ್ನು ಚಿಟಿಕೆಯಷ್ಟು ಬೆರೆಸಿ. ಇದನ್ನೆಲ್ಲ ಮಕ್ಕಳು ಬರುವ ಮೊದಲೇ ಮಾಡಿಟ್ಟಿರಬೇಕು. ಯಾವ ಬಣ್ಣದಲ್ಲಿ ಎಷ್ಟು ಉಪ್ಪಿದೆ ಎಂಬುದು ನಿಮಗೆ ಮಾತ್ರ ಗೊತ್ತಿರಲಿ, ರುಚಿ ನೋಡಬಾರದು ಎಂಬುದನ್ನು ಮೊದಲೇ ಹೇಳಿಬಿಡಿ. ಮಕ್ಕಳಿಗೆ ಬೇಕಾದ ಸಾಧನ ಒಂದೇ: ಬರೆದು ಮುಗಿದ ಪೆನ್ನಿನ ಪಾರದರ್ಶಕ ಕೊಳವೆ. ರೀಫಿಲ್ ತೆಗೆದು, ಹಿಂಬದಿಯ ಬಿರಡೆ ಕಿತ್ತು, ನಡುವಿನಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೆ ಅದಕ್ಕೆ ಟೇಪು ಸುತ್ತಿದರೆ ಆಯಿತು.

ಕೊಳವೆಯನ್ನು ಒಂದು ಬಣ್ಣದ ನೀರಿನಲ್ಲಿ ಎರಡು ಸೆಂಟಿಮೀಟರ್ ಅದ್ದಿ, ಮೇಲಿನ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಎತ್ತಬೇಕು. ಮುಚ್ಚಿದ ಹಾಗೆಯೇ ಇನ್ನೊಂದು ಬಣ್ಣದಲ್ಲಿ ನಾಲ್ಕು ಸೆಂಟಿಮೀಟರ್ ಆಳಕ್ಕೆ ಇಳಿಸಿ, ಬೆರಳನ್ನು ಒಮ್ಮೆ ಸಡಿಲಿಸಿ ಮತ್ತೆ ಮುಚ್ಚಿ ಎತ್ತಬೇಕು. ಎರಡನೆಯ ದ್ರವ ಕೆಳಗಿನಿಂದ ಒಳಹೊಕ್ಕು ಮೊದಲಿನದನ್ನು ಮೇಲಕ್ಕೆ ತಳ್ಳುತ್ತದೆ. ಮೊದಲು ಅದ್ದಿದ್ದು ಹಗುರವಾಗಿದ್ದು ಎರಡನೆಯದು ಭಾರವಾಗಿದ್ದರೆ ಎರಡು ಬಣ್ಣಗಳು ಗೆರೆ ಎಳೆದಂತೆ ಬೇರೆಯಾಗಿ ನಿಲ್ಲುತ್ತವೆ. ಕ್ರಮ ತಪ್ಪಿದರೆ ಭಾರವಾದದ್ದು ಹಗುರವಾದದ್ದರ ಮೇಲೆ ಕೂತು, ಕ್ಷಣದಲ್ಲಿ ಕುಸಿದು, ಬಣ್ಣ ಕಲೆಸಿಹೋಗುತ್ತದೆ. ಹೀಗೆ ನಾಲ್ಕೂ ಬಣ್ಣಗಳನ್ನು ಒಂದೇ ಕೊಳವೆಯಲ್ಲಿ ಒಂದರ ಮೇಲೊಂದು ನಿಲ್ಲಿಸುವುದು ಒಗಟು.

ನಾಲ್ಕು ಬಣ್ಣಗಳನ್ನು ಸಾಲಾಗಿ ಇಡುವ ಬಗೆಗಳು 24, ಅವುಗಳಲ್ಲಿ ನಿಲ್ಲುವುದು ಒಂದೇ. ಮೊದಲು ಮಕ್ಕಳು ಕುರುಡಾಗಿ ಪ್ರಯತ್ನಿಸುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಯಾರೋ ಒಬ್ಬರು ಎರಡೆರಡು ಬಣ್ಣಗಳನ್ನು ಜೋಡಿಯಾಗಿ ಪರೀಕ್ಷಿಸಿ, ‘ಹಸಿರು ಕೆಂಪಿನ ಮೇಲೆ ನಿಲ್ಲುತ್ತದೆ, ಕೆಂಪು ನೀಲಿಯ ಮೇಲೆ ನಿಲ್ಲುತ್ತದೆ’ ಎಂದು ಬರೆದಿಟ್ಟುಕೊಳ್ಳಲು ತೊಡಗುತ್ತಾರೆ. ಹಾಗಾದರೆ ಹಸಿರು ನೀಲಿಯ ಮೇಲೆ ನಿಲ್ಲಬೇಕೆಂದು ಪರೀಕ್ಷಿಸದೆಯೇ ಹೇಳುವ ಮಗು ಆ ಕ್ಷಣದಲ್ಲಿ ತರ್ಕದ ಒಂದು ದೊಡ್ಡ ಮೆಟ್ಟಿಲು ಹತ್ತಿರುತ್ತದೆ. ಬಾಯಿಗೆ ಬಂದ ಉತ್ತರವನ್ನು ದಯವಿಟ್ಟು ನುಂಗಿಕೊಳ್ಳಿ. ಗೌರಿಬಿದನೂರಿನ ಬಳಿಯ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಭೌತಶಾಸ್ತ್ರದ ಮೇಷ್ಟ್ರಾಗಿ, ಪ್ರಶ್ನೆ ಮಾಡದೆ ಯಾವುದನ್ನೂ ಒಪ್ಪಬಾರದೆಂದು ಬದುಕಿನುದ್ದಕ್ಕೂ ಸಾರಿದ ಎಚ್. ನರಸಿಂಹಯ್ಯನವರು ನಮ್ಮ ಅವಿಭಜಿತ ಕೋಲಾರ ಜಿಲ್ಲೆಯವರೇ. ಅವರ ಊರಿನ ಸುತ್ತಲಿನ ಶಾಲೆಗಳಲ್ಲಿ ಮಕ್ಕಳು ಉತ್ತರವನ್ನು ನೋಟ್ಸಿನಿಂದ ನಕಲು ಮಾಡುವುದನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಈಗ ಹಾಲಿಗೆ ಬರೋಣ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಬೆಳಗಾದರೆ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರಲ್ಲಿ ನಮ್ಮ ವಿದ್ಯಾರ್ಥಿಗಳೂ ಇರುತ್ತಾರೆ. ‘ಡಿಗ್ರಿ’, ‘ಫ್ಯಾಟು’ ಎಂಬ ಮಾತುಗಳು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಈಗ ಹಲವು ಕಡೆ ಯಂತ್ರ ಬಂದಿದ್ದರೂ ಲ್ಯಾಕ್ಟೋಮೀಟರ್ ಎಂಬ ಗಾಜಿನ ಬುರುಡೆಯನ್ನು ಅವರು ನೋಡಿದ್ದಾರೆ. ಹಾಲಿನಲ್ಲಿ ತೇಲಿಬಿಟ್ಟಾಗ ಅದು 30 ಡಿಗ್ರಿ ತೋರಿಸಿದರೆ ಹಾಲಿನ ಸಾಂದ್ರತೆ 1.030 ಎಂದು ಅರ್ಥ. ಅಂದರೆ ನಮ್ಮ ಲೋಟದಲ್ಲಿ 103 ಗ್ರಾಂ. ಮೂರು ಗ್ರಾಂಗಳ ಈ ಅಂತರವನ್ನು ಕಂಠಮಟ್ಟ ತುಂಬುವಾಗಿನ ತಪ್ಪೇ ನುಂಗಿಬಿಡಬಹುದು. ಹಾಲನ್ನು ನೀರಿನ ಮೇಲೆ ಪದರವಾಗಿ ನಿಲ್ಲಿಸಿ ನೋಡೋಣವೆಂದರೆ ಎರಡೂ ಬೆರೆತುಹೋಗುತ್ತವೆ.

ಆದರೆ ಅದೇ ಪೆನ್ನಿನ ಕೊಳವೆ ಇಲ್ಲಿಯೂ ಕೈಹಿಡಿಯುತ್ತದೆ. ಒಂದು ತುದಿಯನ್ನು ಮೇಣದಿಂದ ಬಿಗಿಯಾಗಿ ಮುಚ್ಚಿ, ಒಳಗೆ ಒಂದೆರಡು ಸಣ್ಣ ಮೊಳೆಗಳನ್ನು ಹಾಕಿ, ನೀರಿನಲ್ಲಿ ಸುಮಾರು ಹತ್ತು ಸೆಂಟಿಮೀಟರ್ ಮುಳುಗಿ ನೇರವಾಗಿ ನಿಲ್ಲುವಂತೆ ಮಾಡಿ, ನೀರಿನ ಮಟ್ಟಕ್ಕೆ ಗುರುತು ಹಾಕಿ. ಅದನ್ನು ಹಾಲಿಗೆ ಇಳಿಸಿದಾಗ 9.7 ಸೆಂಟಿಮೀಟರ್ ಮಾತ್ರ ಮುಳುಗುತ್ತದೆ. ಗುರುತು ಹಾಲಿನ ಮಟ್ಟದಿಂದ ಮೂರು ಮಿಲಿಮೀಟರ್ ಮೇಲೆದ್ದು ನಿಂತಿರುವುದು ಬರಿಗಣ್ಣಿಗೆ ಕಾಣುತ್ತದೆ. ಹಾಲಿಗೆ ಅಷ್ಟೇ ನೀರು ಬೆರೆಸಿದರೆ ಆ ಮೂರು ಮಿಲಿಮೀಟರ್ ಒಂದೂವರೆಗೆ ಇಳಿಯುತ್ತದೆ. ಹರಳೆಣ್ಣೆಯಲ್ಲಿ ಗುರುತೇ ಮುಳುಗಿಹೋಗುತ್ತದೆ. ತಾವು ಪೆನ್ನಿನಿಂದ ಮಾಡಿದ್ದು ಲ್ಯಾಕ್ಟೋಮೀಟರಿನ ಒಡಹುಟ್ಟು ಎಂದು ಮಕ್ಕಳಿಗೆ ಹೊಳೆದಾಗ ಅವರ ಮುಖವನ್ನು ನೀವು ನೋಡಬೇಕು.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಮೊದಲ ಸಲ ಈ ಪಾಠ ಮಾಡಿದಾಗ ಮನೆಯಿಂದ ಹಾಲು ತರಲು ಮಕ್ಕಳಿಗೆ ಹೇಳಿದ್ದೆ. ಒಬ್ಬ ಹುಡುಗ ಪುಟ್ಟ ಬಾಟಲಿಯಲ್ಲಿ ತಂದ ಹಾಲಿನಲ್ಲಿ ಕೊಳವೆ ಬೇರೆಯವರ ಹಾಲಿಗಿಂತ ಆಳಕ್ಕೆ ಇಳಿಯಿತು. ಯಾರೋ “ನೀರು ಹಾಕವ್ರೆ” ಎಂದರು. ಹುಡುಗ ಏನೂ ಮಾತಾಡದೆ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡ, ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಅವರ ಮನೆಗೆ ಹೋದೆ. ಅವನು ತಂದದ್ದು ಆಗತಾನೆ ಕರೆದ ಹಾಲು. ಆಗತಾನೆ ಕರೆದ ಹಾಲಿನಲ್ಲಿ ಗಾಳಿಯ ಸಣ್ಣ ಗುಳ್ಳೆಗಳಿರುತ್ತವೆ, ಹಾಲು ಬೆಚ್ಚಗೂ ಇರುತ್ತದೆ, ಎರಡೂ ಕಾರಣಗಳಿಂದ ಡಿಗ್ರಿ ಕಡಿಮೆ ಬರುತ್ತದೆ. ಅದು ತಿಳಿದಿರಬೇಕಾದವನು ನಾನು. ಮರುದಿನ ತರಗತಿಯಲ್ಲಿ ಆ ಹುಡುಗನಿಂದಲೇ ಬಿಸಿನೀರಿನಲ್ಲಿಯೂ ತಣ್ಣೀರಿನಲ್ಲಿಯೂ ಕೊಳವೆಯನ್ನು ತೇಲಿಸಿ, ಬಿಸಿನೀರಿನಲ್ಲಿ ಅದು ಕೂದಲೆಳೆಯಷ್ಟಾದರೂ ಹೆಚ್ಚು ಮುಳುಗುವುದನ್ನು ಎಲ್ಲರಿಗೂ ತೋರಿಸಿದೆ. ಅವನ ತಂದೆಯ ಬಗ್ಗೆ ಬಂದ ಮಾತನ್ನು ಅಲ್ಲಿಯೇ, ಎಲ್ಲರ ಎದುರೇ ಹಿಂದಕ್ಕೆ ತೆಗೆಸಿದೆ. ಹಾಲನ್ನು ಯಾವಾಗಲೂ ಶಿಕ್ಷಕರೇ ಅಂಗಡಿಯಿಂದ ತರಬೇಕು. ಯಾವ ಮಗುವಿನ ಮನೆಯ ಹಾಲನ್ನೂ ತರಗತಿಯಲ್ಲಿ ಅಳೆಯಬಾರದು.

ಡಿಗ್ರಿಯೊಂದರಿಂದಲೇ ಹಾಲಿನ ಗುಣ ನಿರ್ಧಾರವಾಗದಿರುವುದಕ್ಕೆ ಇನ್ನೂ ಒಂದು ಕಾರಣವಿದೆ, ಹೈಸ್ಕೂಲಿನ ಮಕ್ಕಳಿಗೆ ಅದನ್ನು ಹೇಳಬಹುದು. ಹಾಲಿನ ಕೊಬ್ಬು ನೀರಿಗಿಂತ ಹಗುರ, ಕೆನೆ ಮೇಲೆ ಬರುವುದು ಅದಕ್ಕಾಗಿಯೇ. ಕೆನೆ ತೆಗೆದರೆ ಉಳಿದ ಹಾಲಿನ ಸಾಂದ್ರತೆ ಹೆಚ್ಚುತ್ತದೆ, ನೀರು ಸೇರಿಸಿದರೆ ಕಡಿಮೆಯಾಗುತ್ತದೆ. ಎರಡನ್ನೂ ಮಾಡಿದರೆ ಲ್ಯಾಕ್ಟೋಮೀಟರಿಗೆ ಏನೂ ತಿಳಿಯದೆ ಹೋಗಬಹುದು. ಡೈರಿಯಲ್ಲಿ ಫ್ಯಾಟನ್ನು ಪ್ರತ್ಯೇಕವಾಗಿ ಅಳೆಯುವುದು ಏಕೆಂದು ಇಲ್ಲಿಂದ ಗೊತ್ತಾಗುತ್ತದೆ.

ಸುತ್ತಲಿನ ಬದುಕಿನಲ್ಲಿ ಇಂಥ ಉದಾಹರಣೆಗಳು ಎಷ್ಟೋ ಇವೆ. ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಬ್ಯಾಟರಿಯ ಆಸಿಡ್ಡನ್ನು ಪರೀಕ್ಷಿಸುವ ಕೊಳವೆಯೂ ನಮ್ಮ ಪೆನ್ನಿನ ಬಂಧುವೇ. ಬಿತ್ತನೆಯ ಭತ್ತದಲ್ಲಿ ಜೊಳ್ಳು ತೆಗೆಯಲು ರೈತರು ಉಪ್ಪುನೀರು ಮಾಡುವಾಗ ಅದರಲ್ಲಿ ಕೋಳಿಮೊಟ್ಟೆ ತೇಲಿ, ನಾಣ್ಯದಗಲ ಮೇಲೆ ಕಾಣುವವರೆಗೆ ಉಪ್ಪು ಹಾಕುತ್ತಾರೆ. ಶ್ರೀನಿವಾಸಪುರದ ಮಕ್ಕಳಿಗೆ ಮಾವಿನಕಾಯಿ ಕೊಟ್ಟು ನೋಡಿ. ಸಾಮಾನ್ಯವಾಗಿ ಬಲಿತ ಕಾಯಿ ನೀರಿನಲ್ಲಿ ಮುಳುಗುತ್ತದೆ, ಎಳಸು ಕಾಯಿ ತೇಲುತ್ತದೆ. ಯಾವುದು ಮುಳುಗೀತು ಎಂದು ಮೊದಲು ಕೈಯಲ್ಲಿ ಹಿಡಿದು ಊಹಿಸಲಿ, ಆಮೇಲೆ ಬಕೆಟ್ಟಿಗೆ ಬಿಡಲಿ.

ಕೊನೆಯದಾಗಿ ಒಂದು ಪ್ರಯೋಗವನ್ನು ನಿಮ್ಮೆದುರೇ ಮಾಡುತ್ತೇನೆ, ಈ ಗಾಜಿನ ಲೋಟದ ಹತ್ತಿರ ಬನ್ನಿ. ಇದರಲ್ಲಿರುವುದು ಹರಳೆಣ್ಣೆ. ಇದಕ್ಕೆ ನೇರಳೆ ಬಣ್ಣ ಹಾಕಿ ಹೆಪ್ಪುಗಟ್ಟಿಸಿದ ಒಂದು ಐಸ್ ತುಂಡನ್ನು ಬಿಡುತ್ತಿದ್ದೇನೆ. ಐಸಿನ ಸಾಂದ್ರತೆ 0.917, ಎಣ್ಣೆಯದು 0.96, ಆದ್ದರಿಂದ ತುಂಡು ತೇಲುತ್ತಿದೆ. ಈಗ ಸ್ವಲ್ಪ ಕಾಯೋಣ. ತುಂಡಿನ ಕೆಳಗೆ ಒಂದು ನೇರಳೆ ಹನಿ ಕೂಡಿಕೊಳ್ಳುತ್ತಿದೆ ನೋಡಿ, ತೊಟ್ಟಿನಂತೆ ಉದ್ದವಾಗುತ್ತಿದೆ, ಈಗ ಕಳಚಿತು. ಎಣ್ಣೆ ಮಂದವಾಗಿರುವುದರಿಂದ ಅದು ಎಷ್ಟು ಸಾವಕಾಶವಾಗಿ ಇಳಿಯುತ್ತಿದೆ ಗಮನಿಸಿ. ಮೇಲೆ ತೇಲುತ್ತಿರುವುದೂ ನೀರೇ, ತಳಕ್ಕೆ ಹೋಗುತ್ತಿರುವುದೂ ನೀರೇ. ತೂಕ ಬದಲಾಗಿಲ್ಲ. 100 ಗ್ರಾಂ ನೀರು ಹೆಪ್ಪುಗಟ್ಟಿದಾಗ ಸುಮಾರು 109 ಮಿಲಿಲೀಟರ್ ಜಾಗ ಹಿಡಿಯುತ್ತದೆ, ಕರಗಿದಾಗ ಮತ್ತೆ 100ಕ್ಕೆ ಇಳಿಯುತ್ತದೆ, ಬದಲಾದದ್ದು ಅಷ್ಟೇ. ಮುಳಬಾಗಿಲಿನ ಆ ಹುಡುಗಿಯ ತರಗತಿಯಲ್ಲಿ ಇದನ್ನು ಮಾಡಿದಾಗ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಅವಳು ಲೋಟಕ್ಕೆ ಮುಖ ಆನಿಸಿಕೊಂಡು ಹನಿಗಳನ್ನು ಎಣಿಸುತ್ತಿದ್ದಳು. ಹದಿನೇಳನೆಯದು ಕಳಚಿದಾಗ ತಲೆಯೆತ್ತಿ, “ಸಾರ್, ನೀರು ಹಾಕಿರೋ ಲೋಟದಲ್ಲಿ ಐಸ್ ಕರಗಿದ್ರೆ ಹನಿ ಎಲ್ಲಿಗೆ ಹೋಗ್ತದೆ?” ಎಂದಳು. ಬಿಸಿನೀರಿನ ಲೋಟವೊಂದನ್ನೂ ತಣ್ಣೀರಿನ ಲೋಟವೊಂದನ್ನೂ ಅವಳ ಮುಂದಿಟ್ಟು, ಇನ್ನೆರಡು ನೇರಳೆ ತುಂಡುಗಳನ್ನು ಅವಳ ಕೈಗೆ ಕೊಟ್ಟೆ.